ಹೃದಯದ ಗಾಯ ಮತ್ತು ಕೂಟಲೇಖ

ಕಳೆದ ವರ್ಷ ನನಗೆ ಹೃದಯಾಘಾತವಾಯಿತು. ವೈದ್ಯರು ರಕ್ತನಾಳದ ತಡೆಯನ್ನು ತೆಗೆದು ಪ್ರಾಣ ಉಳಿಸಿದರು. ಆದರೆ ಸತ್ತ ಸ್ನಾಯುವಿನ ಜಾಗದಲ್ಲಿ ಗಾಯದ ಕಲೆ ಮಾತ್ರ ಉಳಿಯುತ್ತದೆಂದು ತಿಳಿಸಿದರು. ಕೆಲವು ದಿನಗಳ ಮೇಲೆ ಆಪ್ತರೊಬ್ಬರು ಒಂದು ಕರಪತ್ರ ತಂದರು. ರೋಗಿಯ ಅಸ್ಥಿಮಜ್ಜೆಯಿಂದ ಸ್ಟೆಮ್ ಸೆಲ್ ಎಂಬ ಮೂಲಕೋಶಗಳನ್ನು ತೆಗೆದು ಹೃದಯಕ್ಕೆ ಸೇರಿಸಿದರೆ ಸ್ನಾಯು ಪುನಃ ಬೆಳೆಯುವುದಂತೆ. ಶುಲ್ಕ ಕೆಲವು ಲಕ್ಷ ರೂಪಾಯಿ.

ಶ್ರಾವಕನಾದ ನಾನು ಮೊದಲು ಕೇಳಿದ್ದು, ಈ ಕೋಶಗಳು ಭ್ರೂಣದಿಂದ ಬಂದವೇ ಎಂದು. ಅಲ್ಲ, ನಿಮ್ಮ ದೇಹದವೇ ಎಂದಾಗ ಅಹಿಂಸಾಣುವ್ರತಕ್ಕೆ ಭಂಗವಿಲ್ಲವೆಂದು ಸಮಾಧಾನಪಟ್ಟೆ. ಸತ್ಯಾಣುವ್ರತದ ಪ್ರಶ್ನೆ ಆಗ ಹೊಳೆಯಲಿಲ್ಲ.

ಅದು ಹೊಳೆದದ್ದು ಈ ಚಿಕಿತ್ಸೆಯ ಇತಿಹಾಸವನ್ನು ಓದಿದಾಗ. ಇಲಿಗಳ ಗಾಯಗೊಂಡ ಹೃದಯಕ್ಕೆ ಮಜ್ಜೆಯ ಕೋಶಗಳನ್ನು ಚುಚ್ಚಿದಾಗ ಹೊಸ ಸ್ನಾಯು ಬೆಳೆಯಿತೆಂದು ಅಮೆರಿಕದಲ್ಲಿ ಪಿಯೆರೊ ಅನ್ವರ್ಸಾ ಮತ್ತು ಸಂಗಡಿಗರು 2001ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. 2004ರಲ್ಲಿ ಅದೇ ಪತ್ರಿಕೆಯಲ್ಲಿ ಬೇರೆ ಎರಡು ತಂಡಗಳು, ಆ ಕೋಶಗಳು ಹೃದಯಸ್ನಾಯುವಾಗಿ ಮಾರ್ಪಡುವುದಿಲ್ಲವೆಂದು ವರದಿ ಮಾಡಿದವು. ಆದರೂ ಆಶೆ ನಿಲ್ಲಲಿಲ್ಲ. ಹೃದಯದಲ್ಲಿಯೇ ಮೂಲಕೋಶಗಳಿವೆ ಎಂಬ ವಾದ ಬಂದಿತು. ಬೈಪಾಸ್ ಸಮಯದಲ್ಲಿ ತೆಗೆದ ಹೃದಯದ ತುಣುಕಿನಿಂದ ಕೋಶಗಳನ್ನು ಬೆಳೆಸಿ ಮನುಷ್ಯರಿಗೆ ಕೊಟ್ಟ ಪರೀಕ್ಷೆಯೊಂದು 2011ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾಯಿತು. 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯೂ ಬ್ರಿಗ್‌ಹ್ಯಾಮ್ ಆಸ್ಪತ್ರೆಯೂ, ಆ ಪ್ರಯೋಗಾಲಯದ 31 ಲೇಖನಗಳಲ್ಲಿ ಸುಳ್ಳು ದತ್ತಾಂಶಗಳಿವೆ, ಅವನ್ನು ಹಿಂತೆಗೆಯಬೇಕು ಎಂದವು. 'ಲ್ಯಾನ್ಸೆಟ್' ತನ್ನ ಲೇಖನವನ್ನು 2019ರಲ್ಲಿ ಹಿಂತೆಗೆಯಿತು.

ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಅಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು. ಅದು ಖಾತೆಪುಸ್ತಕ ಬರೆಯುವ ನನ್ನಂಥ ವರ್ತಕರಿಗೆ ಹೇಳಿದ್ದೆಂದೇ ತಿಳಿದಿದ್ದೆ. ಆದರೆ ಅಂಗಡಿಯ ಸುಳ್ಳು ಲೆಕ್ಕದಿಂದ ಹಣ ಹೋಗುತ್ತದೆ. ಪ್ರಯೋಗಾಲಯದ ಸುಳ್ಳು ಲೆಕ್ಕವನ್ನು ನಂಬಿ ಮತ್ತಷ್ಟು ಇಲಿಗಳು ಸಾಯುತ್ತವೆ, ರೋಗಿಗಳು ತಮ್ಮ ಹೃದಯವನ್ನೇ ಒಪ್ಪಿಸುತ್ತಾರೆ. ಇಲ್ಲಿ ಅಸತ್ಯವೇ ಹಿಂಸೆ.

ಹಾಗೆಂದು ಸಂಶೋಧನೆಯನ್ನೇ ಹಳಿಯಲಾಗದು. ತಪ್ಪನ್ನು ತೋರಿಸಿದವರೂ ವಿಜ್ಞಾನಿಗಳೇ. ನಮ್ಮ ದೇಶದಲ್ಲಿಯೂ 2017ರ ಮಾರ್ಗಸೂಚಿಯು ಇಂತಹ ಹೃದಯಚಿಕಿತ್ಸೆಯನ್ನು ಅನುಮೋದಿತ ಪರೀಕ್ಷೆಯ ಹೊರಗೆ ನೀಡಬಾರದೆನ್ನುತ್ತದೆ. ಕರಪತ್ರದಲ್ಲಿ ಆ ಮಾತೇ ಇರಲಿಲ್ಲ.

ಕರಪತ್ರವನ್ನು ಹಿಂದಿರುಗಿಸಿದೆ. ಬಸದಿಯ ಮೆಟ್ಟಿಲೇರುವಾಗ ಈಗಲೂ ಏದುಸಿರು ಬರುತ್ತದೆ. ಆಶೆಯನ್ನು ಬಿಡುವುದು ಸುಲಭವಾಗಲಿಲ್ಲ. ಔಷಧದಾನಕ್ಕೆ ಹಣ ಕೊಡುವ ನಮ್ಮ ಟ್ರಸ್ಟುಗಳಲ್ಲಿ ಒಂದೇ ವಿನಂತಿ: ಔಷಧವು ಯಾವ ಜೀವದಿಂದ ಬಂದಿತೆಂದು ಕೇಳುವಂತೆಯೇ, ಅದರ ಲೆಕ್ಕ ನಿಜವೇ ಎಂದೂ ಕೇಳೋಣ.