ಬಿಸಿಯ ಲೆಕ್ಕ

ವೇಗಕ್ಕೂ ಬಿಸಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಭಾರದ ಗಾಡಿಯನ್ನು ದೂರದಿಂದ ಹೊಡೆದುಕೊಂಡು ಬಂದವನು ಮನೆಯ ಮುಂದೆ ನಿಲ್ಲಿಸಿದೊಡನೆ ಮೊದಲು ಎತ್ತಿನ ಮೈ ಮುಟ್ಟಿ ನೋಡುತ್ತಿದ್ದನಂತೆ, ಆಮೇಲೆ ಗಾಡಿಯ ಅಚ್ಚನ್ನು. ಓಟ ಹೆಚ್ಚಿದಷ್ಟೂ ಕಾವು ಹೆಚ್ಚು, ಕಾವು ಹೆಚ್ಚಿದಷ್ಟೂ ಸವೆತ ಹೆಚ್ಚು. ಇಷ್ಟನ್ನು ತಿಳಿಯಲು ಯಾವ ಪದವಿಯೂ ಬೇಡ. ಆದರೆ ಕಂಪ್ಯೂಟರಿನ ವಿಷಯ ಬಂದಾಗ ಓದಿದವರೂ ಇದನ್ನು ಮರೆಯುವುದುಂಟು. ಅದರ ಅಚ್ಚು ಕಣ್ಣಿಗೆ ಕಾಣುವುದಿಲ್ಲ. ಅದರ ಏದುಸಿರು ಫ್ಯಾನಿನ ಸದ್ದಾಗಿ ಮಾತ್ರ ಕೇಳುತ್ತದೆ.

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಪ್ರೊಸೆಸರಿನ ಗೊಡವೆ ಏತಕ್ಕೆಂದು ಮಿತ್ರರು ಕೇಳಬಹುದು. ಕಾರಣ ಅರ್ಥಶಾಸ್ತ್ರದ್ದೇ. ನಾನು ಸತ್ತೇಗಾಲದವನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಎರಡು ವರ್ಷಗಳ ಹಿಂದೆ ಒಂದು ಬೆಳೆ ರೇಷ್ಮೆಗೂಡಿನ ಹಣದಲ್ಲಿ ನಮ್ಮ ತಾಯಿಯವರು ನನಗೊಂದು ಹಳೆಯ ಕಂಪ್ಯೂಟರನ್ನು ಕೊಡಿಸಿದರು. ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸಿ ಕೊಡುವ ಕೆಲಸವನ್ನು ನಾನು ಅದರಲ್ಲಿ ಮಾಡುತ್ತೇನೆ. ನನ್ನ ಫೀಜು, ಪುಸ್ತಕ, ಬಸ್ ಪಾಸುಗಳ ಖರ್ಚು ಹುಟ್ಟುವುದು ಅಲ್ಲಿಯೇ. ಒಂದು ವಿಡಿಯೋ ಸಿದ್ಧವಾಗಲು ಯಂತ್ರ ಎರಡು ಗಂಟೆ ತೆಗೆದುಕೊಳ್ಳುತ್ತಿತ್ತು; ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಹೊಸ ಯಂತ್ರ ಕೊಳ್ಳುವ ಮಾತಿಲ್ಲ. ಇರುವುದನ್ನೇ ಇನ್ನಷ್ಟು ವೇಗವಾಗಿ ದುಡಿಸುವುದೊಂದೇ ದಾರಿ. ಹೀಗೆ ಕಾರ್ಖಾನೆಯವರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಪ್ರೊಸೆಸರನ್ನು ನಡೆಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಸುಟ್ಟರೆ ಇನ್ನೊಂದನ್ನು ತರಬಲ್ಲವರಿಗೆ ಇದೊಂದು ಆಟ. ನಮ್ಮಂತಹವರಿಗೆ ಆಟವಲ್ಲ, ಆದುದರಿಂದಲೇ ಇದರ ಲೆಕ್ಕವನ್ನು ಚೆನ್ನಾಗಿ ತಿಳಿದುಕೊಳ್ಳಬೇಕಾಯಿತು.

ನನ್ನ ಯಂತ್ರದಲ್ಲಿರುವುದು ೨೦೧೭ರಲ್ಲಿ ಮಾರುಕಟ್ಟೆಗೆ ಬಂದ ಎಎಂಡಿ ರೈಜೆನ್ ೩ ೧೨೦೦ ಎಂಬ ಅಗ್ಗದ ಪ್ರೊಸೆಸರು. ಇದರ ಜನ್ಮವೃತ್ತಾಂತ ಸ್ವಾರಸ್ಯವಾಗಿದೆ. ಇದರ ಸಿಲಿಕಾನ್ ಬಿಲ್ಲೆಯಲ್ಲಿ ನಿಜವಾಗಿ ಇರುವುದು ಎಂಟು ಕೋರ್‌ಗಳು. ಎಂಟೂ ಕೆಲಸ ಮಾಡುವುದು ಮೇಲ್ದರ್ಜೆಯ ಹೆಸರಿನಲ್ಲಿ ಹೆಚ್ಚು ಬೆಲೆಗೆ ಹೋಗುತ್ತದೆ. ನನ್ನದರಲ್ಲಿ ನಾಲ್ಕನ್ನು ಮುಚ್ಚಿ, ಉಳಿದ ನಾಲ್ಕಕ್ಕೆ ೩.೧ ಗಿಗಾಹರ್ಟ್ಸ್ ಎಂಬ ಅಂಕಿ ಕೊಟ್ಟು ಕಳುಹಿಸಿದ್ದಾರೆ. ಒಂದೇ ಅಚ್ಚಿನಲ್ಲಿ ಹುಟ್ಟಿದ ಬಿಲ್ಲೆಗಳನ್ನು ಪರೀಕ್ಷಿಸಿ ದರ್ಜೆ ಕೊಡುವುದು ಈ ಉದ್ಯಮದ ಕ್ರಮ. ಅತ್ಯಂತ ದುರ್ಬಲ ಬಿಲ್ಲೆಯೂ, ಅತ್ಯಂತ ಬಿಸಿಯ ಊರಿನಲ್ಲಿಯೂ, ವರ್ಷಗಟ್ಟಲೆ ತಪ್ಪದೆ ನಡೆಯಬೇಕೆಂಬ ಎಚ್ಚರಿಕೆಯಿಂದ ಅಂಕಿಯನ್ನು ಸ್ವಲ್ಪ ಕಡಿಮೆಯಾಗಿಯೇ ಬರೆಯುತ್ತಾರೆ. ಆ ಬರೆದ ಅಂಕಿಗೂ ನಿಜವಾದ ಶಕ್ತಿಗೂ ನಡುವಿನ ಅಂತರವೇ ಓವರ್‌ಕ್ಲಾಕ್ ಮಾಡುವವನ ಬಂಡವಾಳ. ಅಂಕಪಟ್ಟಿಗೂ ವಿದ್ಯಾರ್ಥಿಗೂ ನಡುವೆ ಇಂತಹ ಅಂತರ ಇರಬಹುದೆಂದು ನನ್ನ ಸಹಪಾಠಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ವಿದ್ಯೆ ಬಡವರ ಕೈಯಲ್ಲೇ ಹೆಸರು ಮಾಡಿತೆಂಬುದೂ ಗಮನಾರ್ಹ. ೧೯೯೮ರಲ್ಲಿ ಇಂಟೆಲ್ ಕಂಪನಿ ಸೆಲೆರಾನ್ ೩೦೦ಎ ಎಂಬ ಅಗ್ಗದ ಪ್ರೊಸೆಸರನ್ನು ಹೊರತಂದಿತು. ಅದರ ವೇಗ ೩೦೦ ಮೆಗಾಹರ್ಟ್ಸ್. ಅದರ ಬಸ್ಸಿನ ತಾಳವನ್ನು ೬೬ರಿಂದ ೧೦೦ಕ್ಕೆ ಏರಿಸಿದರೆ ಅನೇಕ ಬಿಲ್ಲೆಗಳು ೪೫೦ರಲ್ಲಿ ನಿರಾತಂಕವಾಗಿ ಓಡುತ್ತಿದ್ದವು. ಹಾಗೆಂದು ವೇಗಕ್ಕೆ ಮಿತಿಯೇ ಇಲ್ಲವೆಂದು ತಿಳಿಯಬಾರದು. ಅದೇ ಇಂಟೆಲ್ ತನ್ನ ಪೆಂಟಿಯಮ್ ೪ನ್ನು ೪ ಗಿಗಾಹರ್ಟ್ಸ್‌ಗೆ ಒಯ್ಯುವೆನೆಂದು ಹೇಳಿ, ೨೦೦೪ರಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಆ ಪ್ರೊಸೆಸರು ೩.೮ಕ್ಕೆ ನಿಂತಿತು. ದಾರಿಗೆ ಅಡ್ಡ ಬಂದದ್ದು ಮುಖ್ಯವಾಗಿ ಬಿಸಿ. ಅಲ್ಲಿಂದ ಮುಂದೆ ಒಂದೇ ಕೋರನ್ನು ಓಡಿಸುವ ಬದಲು ಹಲವು ಕೋರ್‌ಗಳನ್ನು ಕೂಡಿಸುವ ಕಾಲ ಬಂದಿತು.

ಬಿಸಿ ಎಲ್ಲಿಂದ ಹುಟ್ಟುತ್ತದೆ? ಪ್ರೊಸೆಸರಿನೊಳಗಿನ ಕೋಟಿಗಟ್ಟಲೆ ಸ್ವಿಚ್ಚುಗಳು ಪ್ರತಿ ತಾಳಕ್ಕೂ ಚೂರು ಚೂರು ವಿದ್ಯುತ್ತನ್ನು ತುಂಬಿಕೊಂಡು ಚೆಲ್ಲುತ್ತಿರುತ್ತವೆ. ಚೆಲ್ಲಿದ್ದೆಲ್ಲ ಶಾಖ. ತಾಳ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಶಾಖ ಹೆಚ್ಚುತ್ತದೆ. ಆದರೆ ವೋಲ್ಟೇಜು ಹೆಚ್ಚಿದರೆ ಅದರ ವರ್ಗದಂತೆ ಹೆಚ್ಚುತ್ತದೆ. ಮರ್ಮವೆಲ್ಲ ಈ ವರ್ಗದಲ್ಲಿದೆ. ನನ್ನ ಪ್ರೊಸೆಸರು ೧.೨ ವೋಲ್ಟಿನಲ್ಲಿ ೩.೧ ಗಿಗಾಹರ್ಟ್ಸ್ ಓಡುತ್ತದೆಂದು ಇಟ್ಟುಕೊಳ್ಳಿ. ೩.೬ಕ್ಕೆ ಏರಿಸಲು ೧.೨೫ ವೋಲ್ಟ್ ಸಾಕಾದರೆ ವೇಗ ನೂರಕ್ಕೆ ೧೬ರಷ್ಟು ಹೆಚ್ಚುತ್ತದೆ, ಶಾಖ ನೂರಕ್ಕೆ ೨೬ರಷ್ಟು. ೩.೮ಕ್ಕೆ ಹೋಗಲು ೧.೩೫ ವೋಲ್ಟ್ ಬೇಕಾದರೆ ವೇಗದ ಲಾಭ ೨೩, ಶಾಖದ ಹೆಚ್ಚಳ ೫೫. ಮೊದಲ ಹೆಜ್ಜೆಗಳು ಅಗ್ಗ, ಕೊನೆಯ ಹೆಜ್ಜೆಗಳು ದುಬಾರಿ. ಅರ್ಥಶಾಸ್ತ್ರದಲ್ಲಿ ನಾವು ಓದುವ ಇಳಿಮುಖ ಪ್ರತಿಫಲ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ವೋಲ್ಟೇಜಿನ ಮಾತು ಬಂದಾಗ ನಮ್ಮೂರಿನ ನೆರೆಯ ಶಿವನಸಮುದ್ರವನ್ನು ನೆನೆಯದೆ ಇರಲಾಗದು. ೧೯೦೨ರಲ್ಲಿ ಅಲ್ಲಿಯ ವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು ೯೨ ಮೈಲಿ ದೂರ, ತಂತಿಯ ಮೂಲಕ ವಿದ್ಯುತ್ತು ಹರಿಯಿತು. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅವರು ಅದನ್ನು ಕಣ್ಣಾರೆ ಕಾಣಲಿಲ್ಲ, ೧೯೦೧ರಲ್ಲಿಯೇ ತೀರಿಕೊಂಡಿದ್ದರು. ಅಷ್ಟು ದೂರದ ತಂತಿಯಲ್ಲಿ ವಿದ್ಯುತ್ತು ಬಿಸಿಯಾಗಿ ಪೋಲಾಗದಿರಲು ಎಂಜಿನಿಯರುಗಳು ಮಾಡಿದ ಉಪಾಯವೆಂದರೆ ವೋಲ್ಟೇಜನ್ನು ಬಹಳ ಎತ್ತರಕ್ಕೆ ಏರಿಸಿದ್ದು. ವೋಲ್ಟೇಜು ಏರಿದರೆ ಅಷ್ಟೇ ಶಕ್ತಿಯನ್ನು ಸಾಗಿಸಲು ಕಡಿಮೆ ಪ್ರವಾಹ ಸಾಕು. ಪ್ರವಾಹ ಇಳಿದರೆ ತಂತಿಯ ಬಿಸಿ ವರ್ಗದಂತೆ ಇಳಿಯುತ್ತದೆ. ಅಲ್ಲಿ ವೋಲ್ಟೇಜನ್ನು ಏರಿಸಿ ಬಿಸಿಯನ್ನು ತಪ್ಪಿಸಿದರು. ಇಲ್ಲಿ ಏರಿಸಿದರೆ ಬಿಸಿ ಮೇಲೆ ಬೀಳುತ್ತದೆ. ಔಷಧವೊಂದೇ ಆದರೂ ಒಬ್ಬನಿಗೆ ಪಥ್ಯವಾದದ್ದು ಇನ್ನೊಬ್ಬನಿಗೆ ಅಪಥ್ಯ. ಆದುದರಿಂದ ಕೇಳಿದ ಮಾತನ್ನು ನಂಬಿ ಗುಂಡಿ ಒತ್ತುವುದಕ್ಕಿಂತ ತನ್ನ ಯಂತ್ರವನ್ನು ತಾನೇ ಅಳೆದು ನೋಡುವುದು ಲೇಸು.

ಅಳೆಯುವುದು ಹೇಗೆಂಬುದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲೇ ಹುಳುಮನೆಯಲ್ಲಿ ನೋಡಿದ್ದೆ. ರೇಷ್ಮೆಹುಳು ನಾಲ್ಕನೆಯ ಜ್ವರ ಎದ್ದ ಮೇಲೆ ಸೊಪ್ಪನ್ನು ಮುಕ್ಕುವ ರಭಸವೇ ರಭಸ. ಒಂದು ಬೆಳೆಗೆ ಬೇಕಾದ ಸೊಪ್ಪಿನ ಬಹುಪಾಲು ಖರ್ಚಾಗುವುದು ಆಗಲೇ. ಬಿಸಿಗೆ ಹುಳು ಸೋಲುವುದೂ ಆಗಲೇ. ಆ ದಿನಗಳಲ್ಲಿ ೨೪ರಿಂದ ೨೫ ಡಿಗ್ರಿ ಇದ್ದರೆ ಒಳ್ಳೆಯದು. ಮಿತಿ ಮೀರಿದರೆ ಸಪ್ಪೆರೋಗ ಹತ್ತಿ ಚಂದ್ರಿಕೆಗೆ ಏರುವ ಮುನ್ನವೇ ಬೆಳೆ ಕೈಬಿಡುತ್ತದೆ. ಓದುಬರಹ ಅಷ್ಟಾಗಿ ತಿಳಿಯದ ನಮ್ಮ ತಾಯಿಯವರು ಗೋಡೆಯ ಉಷ್ಣಮಾಪಕದ ಒಣ ಬುರುಡೆ ಒದ್ದೆ ಬುರುಡೆ ಎರಡನ್ನೂ ಹೊತ್ತುಹೊತ್ತಿಗೆ ನೋಡುತ್ತಾರೆ. ಏರಿದರೆ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಾರೆ. ಹುಳು ಸುಸ್ತಾದ ಮೇಲೆ ನೋಡಿದರೆ ನೋಡಿಯೂ ಫಲವಿಲ್ಲ ಎಂದು ಅವರ ಮಾತು. ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಡಿಗ್ರಿಯ ಅಂಕಿಯನ್ನು ನಾನು ಮೊದಲು ತೋರಿಸಿದಾಗ, ಅವರು ಉಳಿದ ಯಾವುದನ್ನೂ ಕೇಳದೆ, "ಎಷ್ಟಕ್ಕೆ ನಿಲ್ಲಿಸಬೇಕು?" ಎಂದು ಕೇಳಿದರು. ಇಡೀ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ.

ಉತ್ತರ ಹೀಗಿದೆ. ಈ ಪ್ರೊಸೆಸರಿಗೆ ತಯಾರಕರು ಹೇಳುವ ಗರಿಷ್ಠ ಮಿತಿ ೯೫ ಡಿಗ್ರಿ. ಆ ಗಡಿಯನ್ನು ಮುಟ್ಟಿದರೆ ಅದು ತಾನಾಗಿಯೇ ವೇಗವನ್ನು ಇಳಿಸಿಕೊಳ್ಳುತ್ತದೆ. ಇನ್ನೂ ಏರಿದರೆ ಯಂತ್ರ ಆರಿಹೋಗುತ್ತದೆ. ಈ ರಕ್ಷಣೆ ಹುಳುವಿಗಿಲ್ಲ. ಆದರೆ ಗಡಿಯ ಅಂಚಿನಲ್ಲಿ ಬೇಸಾಯ ಮಾಡುವವನು ಜಾಣನಲ್ಲ. ನಾನು ೮೦ ಡಿಗ್ರಿಯನ್ನು ನನ್ನ ಬೇಲಿಯಾಗಿ ಇಟ್ಟುಕೊಂಡೆ.

ಇನ್ನು ಕ್ರಮ. ಮೊದಲು ಮದರ್‌ಬೋರ್ಡು ಇದಕ್ಕೆ ಒಪ್ಪುವುದೇ ಎಂದು ನೋಡಬೇಕು. ನನ್ನದು ಬಿ೩೫೦ ವರ್ಗದ್ದು, ಒಪ್ಪುತ್ತದೆ; ಅದಕ್ಕಿಂತ ಅಗ್ಗದ ಎ೩೨೦ ವರ್ಗವನ್ನು ಇದಕ್ಕಾಗಿ ಮಾಡಿಲ್ಲ. ವಾರಂಟಿ ಉಳಿದಿರುವ ಯಂತ್ರವಾದರೆ ಅದು ಕಳೆದುಹೋಗಬಹುದೆಂಬುದೂ ತಿಳಿದಿರಲಿ. ಮುಖ್ಯವಾದ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಡಬೇಕು, ಏಕೆಂದರೆ ತಾಳ ತಪ್ಪಿದ ಪ್ರೊಸೆಸರು ಲೆಕ್ಕವನ್ನೂ ತಪ್ಪಿಸಬಹುದು. ಫ್ಯಾನಿನ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ತೆಳುವಾಗಿ ಹಚ್ಚಬೇಕು. ಇದು ಗಾಡಿಯ ಕೀಲೆಣ್ಣೆಯಂತೆ ಕಂಡರೂ ಕೆಲಸ ಬೇರೆ. ಕೀಲೆಣ್ಣೆ ಬಿಸಿ ಹುಟ್ಟುವುದನ್ನೇ ತಗ್ಗಿಸುತ್ತದೆ. ಪೇಸ್ಟು ಹುಟ್ಟಿದ ಬಿಸಿಯನ್ನು ಕೂಲರಿಗೆ ದಾಟಿಸುತ್ತದೆ, ಅಷ್ಟೆ.

ಬಳಿಕ ಏನನ್ನೂ ಬದಲಿಸದೆ, ಇರುವ ಸ್ಥಿತಿಯ ಬಿಸಿಯನ್ನು ಎಚ್‌ಡಬ್ಲ್ಯೂಇನ್ಫೋದಂತಹ ತಂತ್ರಾಂಶದಲ್ಲಿ ನೋಡಿ ಬರೆದುಕೊಳ್ಳಬೇಕು. ವೇಗವೆಂಬುದು ೧೦೦ ಮೆಗಾಹರ್ಟ್ಸ್ ತಾಳಕ್ಕೆ ಒಂದು ಗುಣಕ. ೩೧ ಇದ್ದುದನ್ನು ಬಯಾಸ್‌ನಲ್ಲಿ ೩೨ ಮಾಡಬೇಕು. ಒಂದು ಸಲಕ್ಕೆ ಒಂದೇ ಹೆಜ್ಜೆ, ಒಂದೇ ಬದಲಾವಣೆ. ಪ್ರತಿ ಹೆಜ್ಜೆಗೂ ಸಿನೆಬೆಂಚಿನಂತಹ ಭಾರ ಹೇರಿ ಹತ್ತು ನಿಮಿಷ ಅಂಕಿಯನ್ನು ನೋಡಬೇಕು. ಯಂತ್ರ ಮರಗಟ್ಟಿದರೆ, ತಾನಾಗಿ ಮತ್ತೆ ಹೊತ್ತಿಕೊಂಡರೆ, ಒಂದು ಹೆಜ್ಜೆ ಹಿಂದೆ ಬರಬೇಕು, ಇಲ್ಲವೆ ವೋಲ್ಟೇಜನ್ನು ಅತ್ಯಲ್ಪ ಏರಿಸಬೇಕು. ವೋಲ್ಟೇಜನ್ನು 'ಆಟೋ' ಎಂದು ಬಿಟ್ಟರೆ ಬೋರ್ಡು ತನ್ನ ಔದಾರ್ಯ ತೋರಿಸಿ ಬೇಕಾದುದಕ್ಕಿಂತ ಹೆಚ್ಚು ಬಡಿಸುವುದುಂಟು. ಕೈಯಾರೆ ಅಂಕಿ ಬರೆಯುವುದೇ ಒಳ್ಳೆಯದು. ೧.೩೫ ವೋಲ್ಟನ್ನು ನಾನು ದಾಟಲಿಲ್ಲ. ನಿಲ್ಲಬೇಕೆಂದ ಜಾಗದಲ್ಲಿ ಒಸಿಸಿಟಿ ಅಥವಾ ಪ್ರೈಮ್೯೫ ಪರೀಕ್ಷೆಯನ್ನು ಒಂದು ಗಂಟೆಯಾದರೂ ಓಡಿಸಬೇಕು. ಪ್ರೊಸೆಸರಿನ ಜತೆಗೆ ಅದಕ್ಕೆ ವಿದ್ಯುತ್ತು ಕೊಡುವ ಬೋರ್ಡಿನ ಭಾಗವೂ ಕಾಯುತ್ತದೆ. ಅಗ್ಗದ ಬೋರ್ಡಿನಲ್ಲಿ ಅದನ್ನು ವಿಶೇಷವಾಗಿ ಗಮನಿಸಬೇಕು. ಎಲ್ಲಾದರೂ ಸಿಕ್ಕಿಹಾಕಿಕೊಂಡು ಯಂತ್ರ ಏಳದೆ ಹೋದರೆ ಗಾಬರಿ ಬೇಡ. ಮದರ್‌ಬೋರ್ಡಿನ ಸಿಮಾಸ್ ಅಳಿಸಿದರೆ ಹಳೆಯ ಸ್ಥಿತಿಗೆ ಮರಳುತ್ತದೆ.

ನನ್ನ ನೋಟುಪುಸ್ತಕದಲ್ಲಿ ಬರೆದುಕೊಂಡ ಅಂಕಿಗಳು ಇವು. ಡಿಸೆಂಬರಿನ ಮುಂಜಾನೆ, ಕೋಣೆಯ ಬಿಸಿ ೨೨ ಡಿಗ್ರಿ ಇದ್ದಾಗ, ಪೂರ್ತಿ ಭಾರದಲ್ಲಿ ೩.೧ಕ್ಕೆ ೫೪ ಡಿಗ್ರಿ, ೩.೬ಕ್ಕೆ ೬೧, ೩.೮ಕ್ಕೆ ೭೩. ಇದನ್ನು ನೋಡಿದವರು ಯಾರಾದರೂ ೩.೮ನ್ನೇ ಆರಿಸಿಕೊಳ್ಳುತ್ತಿದ್ದರು. ಆದರೆ ಕೂಲರು ಪ್ರೊಸೆಸರನ್ನು ತಣಿಸುವುದು ಕೋಣೆಯ ಗಾಳಿಯಿಂದ. ಗಾಳಿ ಎಷ್ಟು ಕಾದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಕಾಯುತ್ತದೆ. ಸತ್ತೇಗಾಲಕ್ಕೆ ಡಿಸೆಂಬರು ಬರುವಂತೆ ಏಪ್ರಿಲೂ ಬರುತ್ತದೆ. ಅಲ್ಲಿಯವರೆಗೆ ತೀರ್ಮಾನವನ್ನು ತಡೆದಿಟ್ಟು, ಏಪ್ರಿಲಿನ ಒಂದು ಮಧ್ಯಾಹ್ನ ಕೋಣೆಯಲ್ಲಿ ೩೫ ಡಿಗ್ರಿ ಇದ್ದಾಗ ಮತ್ತೆ ಅಳೆದೆ. ೩.೧ಕ್ಕೆ ೬೭, ೩.೬ಕ್ಕೆ ೭೪, ೩.೮ಕ್ಕೆ ೮೬. ಬೇಲಿಯ ಒಳಗೆ ಉಳಿದದ್ದು ೩.೬. ವಿಡಿಯೋದ ಕೆಲಸಕ್ಕೆ ಹಿಡಿದ ಹೊತ್ತು ಮೊದಲು ೧೨೦ ನಿಮಿಷ, ೩.೬ರಲ್ಲಿ ೧೦೫, ೩.೮ರಲ್ಲಿ ೧೦೦. ಹದಿನೈದು ನಿಮಿಷವನ್ನು ೭ ಡಿಗ್ರಿಗೆ ಕೊಂಡಂತಾಯಿತು. ಮುಂದಿನ ಐದೇ ನಿಮಿಷಕ್ಕೆ ೧೨ ಡಿಗ್ರಿ ಕೇಳುತ್ತಿದ್ದಾರೆ. ಆ ವ್ಯಾಪಾರವನ್ನು ನಾನು ಮಾಡಲಿಲ್ಲ. ಅಂದಿನಿಂದ ಯಂತ್ರ ೩.೬ರಲ್ಲಿ ದುಡಿಯುತ್ತಿದೆ, ನನ್ನ ಈ ವರ್ಷದ ಪರೀಕ್ಷಾ ಶುಲ್ಕವನ್ನು ಅದೇ ಕಟ್ಟಿದೆ.

ಕೆಲವರು ಹೇಳುವುದುಂಟು, ಇಲ್ಲದವನು ಇಂತಹ ಸಾಹಸಕ್ಕೆ ಕೈಹಾಕಬಾರದು, ಕೊಟ್ಟದ್ದರಲ್ಲಿ ತೃಪ್ತನಾಗಿರಬೇಕು ಎಂದು. ಈ ಮಾತನ್ನು ನಾನು ಒಪ್ಪಲಾರೆ. ಬಿಲ್ಲೆಯ ಮೇಲೆ ಬರೆದ ಅಂಕಿಯನ್ನೇ ಕೊನೆಯ ಮಾತೆಂದು ನಂಬಿದ್ದರೆ ಅದರೊಳಗಿದ್ದ ಶಕ್ತಿ ಹಾಗೆಯೇ ಮಲಗಿರುತ್ತಿತ್ತು. ಇನ್ನು ಕೆಲವರು ಅಂಕಿಯನ್ನೇ ನೋಡದೆ ಏರಿಸುತ್ತ ಹೋಗುತ್ತಾರೆ, ಅವರನ್ನೂ ಒಪ್ಪಲಾರೆ. ಹಿರಿಯರು ನಡೆದು ಸವೆಸಿದ ದಾರಿಯಿರುವ ಮನೆಯ ಮಕ್ಕಳಿಗೆ ಎಲ್ಲಿ ನಿಲ್ಲಬೇಕೆಂದು ಹೇಳುವವರಿರುತ್ತಾರೆ. ನಮ್ಮಂತಹ ಮೊದಲಿಗರಿಗೆ ಅದನ್ನು ಹೇಳುವುದು ಅಳತೆಯೊಂದೇ. ಹೆದರಿ ಕೂರದೆ, ಹುಚ್ಚೆದ್ದು ಓಡದೆ, ಒಂದೊಂದೇ ಹೆಜ್ಜೆ ಇಟ್ಟು ಪ್ರತಿ ಹೆಜ್ಜೆಗೂ ಉಷ್ಣಮಾಪಕವನ್ನು ನೋಡುವವನು ತನ್ನ ಶಕ್ತಿಯನ್ನೂ ತಿಳಿಯುತ್ತಾನೆ, ಮಿತಿಯನ್ನೂ ತಿಳಿಯುತ್ತಾನೆ. ಯಂತ್ರ ಇರುವ ಮಿತ್ರರು ಪ್ರಯೋಗ ಮಾಡಿ ನೋಡಲಿ, ಒಂದು ನೋಟುಪುಸ್ತಕವನ್ನು ಪಕ್ಕದಲ್ಲಿಟ್ಟುಕೊಳ್ಳಲಿ, ಏಪ್ರಿಲಿನವರೆಗೆ ಕಾಯಲಿ.