ಇಟಲಿಗೆ ದುಡ್ಡಿಲ್ಲ, ಮಂಚೇನಹಳ್ಳಿ ಮೇಲೆ ಲೇಪಾಕ್ಷಿಗೆ ಬನ್ನಿ

ಹೋದ ವಿಡಿಯೊ ಆದ ಮೇಲೆ ಎಲ್ಲರದ್ದೂ ಒಂದೇ ಬೇಡಿಕೆ: ರಿನೈಸಾನ್ಸ್ ಬಗ್ಗೆ ಮಾಡಿ, ಲಿಯೊನಾರ್ಡೊ, ಮೈಕೆಲ್ಯಾಂಜೆಲೊ ತೋರ್ಸಿ. ತೋರಿಸ್ತೀನಿ ಸ್ವಾಮಿ, ಫ್ಲಾರೆನ್ಸ್ ಟಿಕೆಟ್ ಯಾರು ತೆಗೆಸ್ತೀರಾ? ಸದ್ಯಕ್ಕೆ, ಮೈಕೆಲ್ಯಾಂಜೆಲೊ ಕಾಲದಲ್ಲೇ ಬರೆದ ಚಾವಣಿಯೊಂದು ಗೌರಿಬಿದನೂರು ದಾಟಿ ಆಂಧ್ರದ ಗಡಿಯೊಳಗೆ ಕಾಲಿಟ್ರೆ ಸಿಗುತ್ತೆ. ಲೇಪಾಕ್ಷಿ. ಬೆಳಗ್ಗೆ ಅಲ್ಲಿ, ಮಧ್ಯಾಹ್ನ ಪೆನುಕೊಂಡ, ಇದು ಪ್ಲಾನ್.

ಬಾಗೇಪಲ್ಲಿ ಹೈವೇಲಿ ಹೋಗಬಹುದಿತ್ತಲ್ಲ ಅಂತೀರಾ. ಹೋಗಬಹುದಿತ್ತು, ಬೇಗನೂ ತಲುಪ್ತಿದ್ವಿ. ಆದ್ರೆ ಆ ದಾರೀಲಿ ಮಂಚೇನಹಳ್ಳಿ ಬರಲ್ಲ, ಮಂಚೇನಹಳ್ಳಿ ಬರದೇ ಇದ್ರೆ ಈ ಗಾಡಿ ಸಿಗಲ್ಲ. ನೋಡಿ, ನೋಡಿ ಇಲ್ಲಿ. ಇಡ್ಲಿ ಅಲ್ಲ ನಾನು ತೋರಿಸ್ತಿರೋದು, ಇಡ್ಲಿ ಎಲ್ಲಾ ಕಡೆ ಸಿಗುತ್ತೆ. ಈ ಕಡಲೆಕಾಯಿ ಚಟ್ನಿ! ಹುರಿದ ಕಡಲೆಕಾಯಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಒಂಚೂರು ಹುಣಸೆಹಣ್ಣು. ನೀರು ನೀರಾಗಿಲ್ಲ, ಗಟ್ಟಿಯೂ ಇಲ್ಲ. ಪ್ಲೇಟಿಗೆ 30 ರೂಪಾಯಿ, ಮಸಾಲೆ ವಡೆ ಒಂದಕ್ಕೆ 8. ಚಟ್ನಿ ಎಷ್ಟು ಸಲ ಕೇಳಿದ್ರೂ ಅಕ್ಕ ಮುಖ ಗಂಟು ಹಾಕ್ಕೊಳಲ್ಲ. ಕನ್ನಡದಲ್ಲಿ ಆರ್ಡರ್ ತಗೊಂಡು ತೆಲುಗಲ್ಲಿ ಚಿಲ್ಲರೆ ಕೊಡ್ತಾರೆ. "ಅಕ್ಕ, ಇನ್ನೊಂದ್ ಸೌಟು ಹಾಕಿ!" ಅಯ್ಯೋ, ಏನ್ ಗುರು ಇದು. ವಡೆ ಮುರಿದು ಅದ್ದಿ ನೋಡಿ ಹೇಗಿದೆ ಅಂತ. ಕ್ಯಾಮೆರಾ ಹಿಡಿದಿರೋ ನಮ್ಮ ಚಿಕ್ಕಪ್ಪನ ಮಗ ಮಾತೇ ಆಡ್ತಿಲ್ಲ, ಅವನದು ಎರಡನೇ ಪ್ಲೇಟ್. ಹತ್ತು ನಿಮಿಷ ಅಂತ ನಿಂತವರು ಬಿಸಿಲು ಏರಿದ ಮೇಲೆ ಎದ್ದಿದ್ದೀವಿ. ಪೆನುಕೊಂಡ ಈಗಲೇ ಡೌಟು.

(ಕಾರಿನಲ್ಲಿ)

ಗೌರಿಬಿದನೂರು ಆಯ್ತು, ವಿದುರಾಶ್ವತ್ಥ ಬಂತು. 1938ರ ಗೋಲಿಬಾರ್ ಕಥೆ ನಿಮಗೆ ಗೊತ್ತೇ ಇದೆ, ಇವತ್ತು ಇಳಿಯಲ್ಲ. ಆದ್ರೆ ಪಕ್ಕದ ರೈಲು ಹಳಿ ನೋಡಿ. ಎರಡು ಹಳಿ ದೂರದಲ್ಲಿ ಒಂದೇ ಚುಕ್ಕೆಗೆ ಸೇರಿದ ಹಾಗೆ ಕಾಣುತ್ತಲ್ಲ? ಅದನ್ನ ಗೋಡೆ ಮೇಲೆ ತಂದಿದ್ದೇ ಇಟಲಿಯವರ ದೊಡ್ಡ ಕೆಲಸ. ಬ್ರುನೆಲೆಸ್ಕಿ ಲೆಕ್ಕ ಹಿಡಿದ, 1420ರ ದಶಕದಲ್ಲಿ ಮಸಾಚೊ ಫ್ಲಾರೆನ್ಸಿನ ಚರ್ಚ್ ಗೋಡೆಯಲ್ಲಿ ಒಳಗೆ ಕೋಣೆ ಇದೆ ಅನ್ನೋ ಹಾಗೆ 'ಟ್ರಿನಿಟಿ' ಬರೆದ, 1435ರಲ್ಲಿ ಆಲ್ಬರ್ಟಿ ಅದರ ನಿಯಮಗಳನ್ನ ಪುಸ್ತಕ ಮಾಡಿದ. ಮಸಾಚೊ 27 ತುಂಬೋ ಮೊದಲೇ ತೀರ್ಕೊಂಡ. ನಾನು 27ರಲ್ಲಿ ಏನ್ ಮಾಡ್ತಿದ್ದೆ ಅಂತ ಕೇಳಬೇಡಿ.

ಲೇಪಾಕ್ಷಿ. ದೇವಸ್ಥಾನದ ಕಲ್ಲು ಹಾಸು ಕಾದ ಕಾವಲಿ ಆಗಿದೆ, ಚಪ್ಪಲಿ ಹೊರಗೆ. ಸಾಕ್ಸ್ ತನ್ನಿ ದಯವಿಟ್ಟು, ನಾನು ಕುಣೀತಾ ಒಳಗೆ ಬಂದೆ.

ಒಳಗಡೆ ಎಲ್ಲರೂ ತೂಗುಕಂಬದ ಮುಂದೆ ಕ್ಯೂ. ಕಂಬದ ಅಡಿ ಟವೆಲ್ ತೂರಿಸೋದು, ಎಳೆಯೋದು, ಸೆಲ್ಫಿ, ಮುಂದಕ್ಕೆ. ರೀ, ಒಂದ್ ಸಲ ಕತ್ತು ಎತ್ತಿ! ಮೇಲೆ ಪೂರಾ ಚಿತ್ರ ಇದೆ! ಯಾರೂ ನೋಡಲ್ಲ, ನಿಜವಾಗ್ಲೂ ಉರಿಯುತ್ತೆ.

ಅಚ್ಯುತದೇವರಾಯನ ಕಾಲ, 1530ರ ಆಸುಪಾಸು. ಕಟ್ಟಿಸಿದವರು ವಿರೂಪಣ್ಣ, ವೀರಣ್ಣ, ಅಣ್ಣತಮ್ಮಂದಿರು. ಶಾಸನ ಓದಿ ನೋಡಿ, ಕನ್ನಡ. ಮೈಕೆಲ್ಯಾಂಜೆಲೊ 1536ರಿಂದ 1541ರವರೆಗೆ ರೋಮಿನಲ್ಲಿ 'ಲಾಸ್ಟ್ ಜಡ್ಜ್‌ಮೆಂಟ್' ಬರೀತಿದ್ದ. ಅದಕ್ಕೂ ಮೊದಲು, 1508ರಿಂದ 1512ರವರೆಗೆ, ಅದೇ ಸಿಸ್ಟೀನ್ ಚಾಪೆಲಿನ ಚಾವಣಿ ಬರೆದಿದ್ದ. ಮಲಗಿಕೊಂಡಲ್ಲ, ನಿಂತ್ಕೊಂಡು, ಕತ್ತು ಹಿಂದಕ್ಕೆ ಬಗ್ಗಿಸಿ. ಮೈಕೈ ನೋವಿನ ಬಗ್ಗೆ ಪದ್ಯ ಬೇರೆ ಬರೆದಿದ್ದಾನೆ. ಈಗ ನನ್ನ ಕತ್ತು ಹಿಡ್ಕೊಂಡಿರೋದು ನೋಡಿದ್ರೆ ಪಾಪ ಅನ್ಸುತ್ತೆ.

ಅಲ್ಲಿನ ಆಳ ಇಲ್ಲಿ ಹುಡುಕಬೇಡಿ, ಇಲ್ಲ. ಕೋಣೆ ಒಳಗೆ ಕೋಣೆ ಇಲ್ಲ, ನೆರಳು ಬೆಳಕು ಇಲ್ಲ. ಜನ ಸಾಲಾಗಿ ನಿಂತಿದ್ದಾರೆ, ಕೆಮ್ಮಣ್ಣಿನ ಬಣ್ಣ, ಹಳದಿ, ಹಸಿರು, ಮೇಲೆ ಕಪ್ಪು ಗೆರೆ. ಆದ್ರೆ ಆ ಗೆರೆ! ಜೂಮ್ ಮಾಡೋ. ಮೂಗಿಂದ ಗಲ್ಲಕ್ಕೆ ಇಳಿಯೋದು ನೋಡಿ, ಎಲ್ಲೂ ಅಂಜಿಕೆ ಇಲ್ಲ. ಮೋನಾಲಿಸಾ ತುಟಿ ಹತ್ರ ಲಿಯೊನಾರ್ಡೊ ಗೆರೆಯೇ ಕಾಣದ ಹಾಗೆ ಬಣ್ಣ ಕರಗಿಸ್ತಾನೆ, ಇವರಿಗೆ ಗೆರೆಯೇ ಪ್ರಾಣ. ಇನ್ನು ಬಟ್ಟೆ. ಒಬ್ಬೊಬ್ಬಳ ಸೀರೆಗೂ ಒಂದೊಂದು ಥರ ಹೂವು, ಚೌಕ, ಪಟ್ಟೆ. ಹೊರಗೆ ಲತಾಮಂಟಪದ ಕಂಬಗಳಲ್ಲೂ ಅದೇ ಹುಚ್ಚು, ಈಗಲೂ ಅಲ್ಲಿಂದ ಸೀರೆ ಅಂಚಿಗೆ ಡಿಸೈನ್ ತೆಗೀತಾರೆ. ಶಿಡ್ಲಘಟ್ಟದ ರೇಷ್ಮೆಯವರು ಒಂದು ದಿನ ಬಿಡುವು ಮಾಡ್ಕೊಂಡು ಬರಬೇಕು ಇಲ್ಲಿಗೆ.

ಆಲದೆಲೆ ಮೇಲೆ ಮಲಗಿರೋ ಕೃಷ್ಣ ಎಲ್ಲಿ ನಿಂತ್ರೂ ನಮ್ಮನ್ನೇ ನೋಡ್ತಾನಂತೆ. ಮೋನಾಲಿಸಾಗೂ ಇದೇ ಡೈಲಾಗ್ ಹೇಳ್ತಾರೆ. ನಾನು ಆ ಕಡೆ ಈ ಕಡೆ ಓಡಾಡಿದೆ... ಹ್ಞೂಂ, ನೋಡ್ತಾನೆ.

ಗಾರೆ ಅಲ್ಲಲ್ಲಿ ಉದುರಿದೆ, ಬೇಜಾರಾಗುತ್ತೆ. ಲಿಯೊನಾರ್ಡೊನ 'ಲಾಸ್ಟ್ ಸಪ್ಪರ್' ಕಥೆಯೂ ಅಷ್ಟೇ. ಹಸಿ ಗಾರೆ ಮೇಲೆ ಬರೆದಿದ್ರೆ ಸುಣ್ಣ ಬಣ್ಣ ಹೀರ್ಕೊಂಡು ಗಟ್ಟಿಯಾಗ್ತಿತ್ತು. ಅವನು ನಿಧಾನದ ಮನುಷ್ಯ, ತಿದ್ದಬೇಕು, ಯೋಚಿಸಬೇಕು. ಒಣ ಗೋಡೆ ಮೇಲೆ ಬರೆದ. 1498ರಲ್ಲಿ ಮುಗೀತು, ಅವನು ಬದುಕಿರುವಾಗಲೇ ಏಳೋಕೆ ಶುರುವಾಯ್ತು.

ದುಡ್ಡು ಕೊಟ್ಟ ಅಣ್ಣತಮ್ಮಂದಿರು ಇಲ್ಲಿ ಉದ್ದ ಟೋಪಿ ಹಾಕ್ಕೊಂಡು ಪರಿವಾರದ ಸಮೇತ ಚಿತ್ರದೊಳಗೇ ನಿಂತಿದ್ದಾರೆ. ಮಸಾಚೊ ಚಿತ್ರದಲ್ಲೂ ದುಡ್ಡು ಕೊಟ್ಟವರು ಮಂಡಿಯೂರಿದ್ದಾರೆ. ಆದ್ರೆ ಅಲ್ಲಿ ಬರೆದವನ ಹೆಸರೂ ನಮಗೆ ಗೊತ್ತು, ಯಾಕಂದ್ರೆ 1550ರಲ್ಲಿ ವಸಾರಿ ಅಂತ ಒಬ್ಬ ಕಲಾವಿದರ ಜೀವನಚರಿತ್ರೆಗಳನ್ನೇ ಬರೆದಿಟ್ಟ. ನಮ್ಮ ಈ ಗೆರೆ ಎಳೆದವರಿಗೆ ಅಂಥವನೊಬ್ಬ ಸಿಗಲಿಲ್ಲ. ವಿರೂಪಣ್ಣನ ಕಥೆ ಗೈಡ್‌ಗಳಿಗೆ ಬಾಯಿಪಾಠ, ಬರೆದವರು ಅನಾಮಿಕರು. ಅದೇ ನನಗೆ ಈ ಟ್ರಿಪ್ಪಲ್ಲಿ ಚುಚ್ಚಿದ್ದು.

(ಹೊರಗೆ)

ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ, 40 ರೂಪಾಯಿ. ಪರವಾಗಿಲ್ಲ, ಆದ್ರೆ ಬೆಳಗ್ಗೆ ಆ ಚಟ್ನಿ ತಿಂದ ನಾಲಿಗೆಗೆ ಇದು ಸಪ್ಪೆ. ಕಬ್ಬಿನ ಹಾಲು 20. ನಮ್ಮ ತಮ್ಮ ಕಾರಲ್ಲಿ ಏಸಿ ಹಾಕ್ಕೊಂಡು ಕೂತಿದ್ದಾನೆ, ಕರೆದ್ರೂ ಇಳೀತಿಲ್ಲ. ಪೆನುಕೊಂಡ ಕ್ಯಾನ್ಸಲ್, ಬೈಯಬೇಡಿ. ಬ್ಯಾಟರಿ 12 ಪರ್ಸೆಂಟ್ ಉಳಿದಿದೆ, ಸುಮಾರು 27 ಅಡಿ ಉದ್ದದ ಬಸವಣ್ಣ ಇಲ್ಲೇ ರೋಡ್ ಪಕ್ಕದಲ್ಲಿದ್ದಾನೆ, ಅವನದೊಂದು ಶಾಟ್ ತಗೊಂಡು ಬಿಡ್ತೀನಿ.