ಎರಡನೇ ಸೂಜಿ ಯಾಕೆ ಬೇಕು?

ಮೆಣಸಿನಕಾಯಿ ಹಂಗಾಮಿನಲ್ಲಿ ಬ್ಯಾಡಗಿ ಮಾರುಕಟ್ಟೆಯ ಕಡೆ ಹೋಗಿ ಸೀನದೆ ಬಂದವರು ಯಾರಿದ್ದಾರೆ ಹೇಳಿ? "ಮೈಯಾಗಿನ ಕೆಟ್ಟದ್ದೆಲ್ಲಾ ಹೊರಗ ಹೋಗ್ತದ ಬಿಡ್ರಿ" ಎಂದು ಅಲ್ಲಿನವರು ನಗುತ್ತಾರೆ. ನಿಜ ಹೇಳಬೇಕೆಂದರೆ ಆ ಸೀನಿಗೂ ರೋಗನಿರೋಧಕ ಶಕ್ತಿಗೂ ಸಂಬಂಧ ಕಡಿಮೆ. ಖಾರದ ಘಾಟು ಮೂಗಿನ ನರಗಳನ್ನು ಕೆರಳಿಸುತ್ತದೆ, ಮೂಗು ಅದನ್ನು ಹೊರಗೆ ತಳ್ಳುತ್ತದೆ, ಅಷ್ಟೆ. ರೋಗಾಣುವಿನ ವಿಷಯ ಬೇರೆ. ಅದನ್ನು ದೇಹ ಗುರುತಿಸುತ್ತದೆ, ಅದರೊಂದಿಗೆ ಹೋರಾಡುತ್ತದೆ, ಆಮೇಲೆ ವರ್ಷಗಟ್ಟಲೆ ನೆನಪಿನಲ್ಲಿಟ್ಟುಕೊಳ್ಳುತ್ತದೆ.

ಸಹೋದರಿಯರೇ, ಈ ಮಾತು ಬರೆಯಲು ಕಾರಣ ರಾಣೆಬೆನ್ನೂರಿನ ನಮ್ಮ ಓಣಿಯ ಒಬ್ಬ ತಾಯಿ. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಸೂಜಿ ಮಾಡಿಸಿದ್ದಳು. ಒಂದೂವರೆ ವರ್ಷಕ್ಕೆ ಎರಡನೆಯದು. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಕರೆದರೂ ಹೋಗಲಿಲ್ಲ. "ಒಮ್ಮೆ ಆಗ್ಯದಲ್ರೀ ಆಪಾ, ಮತ್ತ್ಯಾಕ? ಗೊಬ್ಬರ ಮಕ್ಕಳಿಗೆ ಬರೂದ. ಒಮ್ಮೆ ಬಂದು ಹೋದ್ರ ಮಗು ಗಟ್ಟಿ ಆಗ್ತದ ಅಂತಾರ ನಮ್ಮ ಅತ್ತಿ" ಎಂದಳು. ದಡಾರಕ್ಕೆ ನಮ್ಮ ಕಡೆ ಗೊಬ್ಬರ ಎನ್ನುತ್ತೇವೆ. ಅತ್ತೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧ ಬಹಳ ಅಪಾಯದ್ದು.

ಬ್ಯಾಡಗಿಯಲ್ಲಿ ಕುಳಿತು ಮೆಣಸಿನಕಾಯಿಯ ತುಂಬು ಬಿಡಿಸುವ ಹೆಂಗಸರನ್ನು ನೀವು ನೋಡಿರಬಹುದು. ಇದು ಡಬ್ಬಿ, ಇದು ಕಡ್ಡಿ ಎಂದು ಅವರ ಕೈಗೇ ಗೊತ್ತು. ಈಗ ಹೀಗೆ ಊಹಿಸಿಕೊಳ್ಳಿ. ಕೋಟಿಗಟ್ಟಲೆ ಹೆಂಗಸರು ಸಾಲಾಗಿ ಕುಳಿತಿದ್ದಾರೆ. ಒಬ್ಬೊಬ್ಬಳಿಗೂ ಒಂದೇ ಒಂದು ಬಗೆಯ ಕಾಯಿ ಗೊತ್ತು, ಬೇರೆ ಯಾವುದೂ ಗೊತ್ತಿಲ್ಲ. ತನ್ನ ಕಾಯಿ ಬರುವವರೆಗೆ ಸುಮ್ಮನೆ ಕುಳಿತಿರುತ್ತಾಳೆ. ಬಂತೋ, ಎದ್ದು ನಿಂತು ತನ್ನಂತಹವರೇ ಸಾವಿರಾರು ಮಂದಿಯನ್ನು ಕರೆದು ತರುತ್ತಾಳೆ. ನಮ್ಮ ರಕ್ತದಲ್ಲಿರುವ ಬಿ ಮತ್ತು ಟಿ ಎಂಬ ಬಿಳಿ ರಕ್ತಕಣಗಳು ಕೆಲಸ ಮಾಡುವುದು ಹೀಗೆಯೇ. ಒಂದೊಂದು ಕಣ ಒಂದೊಂದು ಆಕಾರವನ್ನು ಮಾತ್ರ ಬಲ್ಲದು. ರೋಗಾಣುವಿನ ಮೈಮೇಲೆ ಆ ಆಕಾರ ಸಿಕ್ಕಾಗ ಅದು ಒಂದರಿಂದ ಸಾವಿರಾರು ಆಗುತ್ತದೆ. ಬಿ ಕಣಗಳು ಪ್ರತಿಕಾಯಗಳೆಂಬ ಅಂಟುವ ವಸ್ತುವನ್ನು ರಕ್ತಕ್ಕೆ ಬಿಡುತ್ತವೆ, ಟಿ ಕಣಗಳು ರೋಗಾಣು ಹೊಕ್ಕ ಜೀವಕೋಶಗಳನ್ನು ಹುಡುಕಿ ನಾಶ ಮಾಡುತ್ತವೆ.

ಹಾಗಾದರೆ ನಮ್ಮದೇ ಮೈಯನ್ನು ಅವು ಏಕೆ ತಿನ್ನುವುದಿಲ್ಲ? ಎದೆಯ ಎಲುಬಿನ ಹಿಂದೆ ಥೈಮಸ್ ಎಂಬ ಚಿಕ್ಕ ಗ್ರಂಥಿಯಿದೆ. ಟಿ ಕಣಗಳಿಗೆ ಅಲ್ಲಿ ಪರೀಕ್ಷೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಣಗಳು ಅಲ್ಲಿಯೇ ಸಾಯುತ್ತವೆ, ಸ್ವಂತ ಮೈಯ ಮೇಲೆ ಕೈಯೆತ್ತುವವು ಅಲ್ಲಿಂದ ಹೊರಗೆ ಬರುವುದೇ ಕಷ್ಟ. ತಪ್ಪಿಸಿಕೊಂಡು ಬಂದವನ್ನು ಹದ್ದುಬಸ್ತಿನಲ್ಲಿಡಲು ಕಾವಲು ಕಣಗಳೂ ಇವೆ. ಈ ಶೋಧನೆಗಾಗಿ ಮೂವರು ವಿಜ್ಞಾನಿಗಳಿಗೆ 2025ರ ನೊಬೆಲ್ ಪ್ರಶಸ್ತಿ ಬಂತು. ಸೃಷ್ಟಿಕರ್ತನ ಈ ವ್ಯವಸ್ಥೆಯ ಬಗ್ಗೆ ಓದುವಾಗ ಸುಬ್‌ಹಾನಲ್ಲಾಹ್ ಎನ್ನದಿರಲು ಸಾಧ್ಯವೇ!

ಕೆಲಸ ಮುಗಿದ ಮೇಲೆ ಬಹುತೇಕ ಕಣಗಳು ಸಾಯುತ್ತವೆ, ಕೆಲವು ಮಾತ್ರ ನೆನಪಿನ ಕಣಗಳಾಗಿ ಉಳಿಯುತ್ತವೆ. ಅದೇ ರೋಗಾಣು ಮತ್ತೆ ಬಂದರೆ ಅವು ಕೂಡಲೇ ಏಳುತ್ತವೆ. ಒಮ್ಮೆ ದಡಾರ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬಾರದಿರುವುದು ಇದರಿಂದಲೇ. ಅತ್ತೆ ಹೇಳಿದ ಅರ್ಧ ಸತ್ಯ ಇದು.

ಉಳಿದರ್ಧ ಕೇಳಿ. ದಡಾರದ ವೈರಸ್ ಹೊಕ್ಕು ಕೂರುವುದು ಈ ನೆನಪಿನ ಕಣಗಳಲ್ಲಿಯೇ! ನೆದರ್‌ಲ್ಯಾಂಡ್ಸ್‌ನಲ್ಲಿ ಲಸಿಕೆ ಹಾಕಿಸದ 77 ಮಕ್ಕಳ ರಕ್ತವನ್ನು ದಡಾರ ಬರುವ ಮೊದಲೂ ಬಂದು ಹೋದ ಮೇಲೂ ಪರೀಕ್ಷಿಸಿ, 2019ರಲ್ಲಿ ವರದಿ ಪ್ರಕಟಿಸಿದರು. (ಧರ್ಮದ ಕಾರಣ ಹೇಳಿ ಲಸಿಕೆ ಬೇಡವೆನ್ನುವ ಕ್ರೈಸ್ತ ಪಂಗಡದ ಊರುಗಳವು. ಈ ಮಾತು ನಮ್ಮವರಲ್ಲಿ ಮಾತ್ರ ಇದೆಯೆಂದು ಭಾವಿಸಬೇಡಿ.) ಬೇರೆ ಬೇರೆ ರೋಗಗಳ ವಿರುದ್ಧ ಆ ಮಕ್ಕಳು ಗಳಿಸಿದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರಷ್ಟು ಅಳಿಸಿಹೋಗಿದ್ದವು. ಅಂದರೆ ದಡಾರ ಬಂದು ಹೋದ ಮಗು ದಡಾರವನ್ನಷ್ಟೇ ನೆನಪಿಟ್ಟುಕೊಂಡು ಉಳಿದದ್ದನ್ನು ಮರೆಯುತ್ತದೆ. ಹಿಂದೆ ಗೊಬ್ಬರ ಇಳಿದ ಮೇಲೆ ಮಕ್ಕಳು ನ್ಯುಮೋನಿಯಾ, ಭೇದಿ ಎಂದು ತಿಂಗಳುಗಟ್ಟಲೆ ನರಳುತ್ತಿದ್ದುದನ್ನು ಹಿರಿಯರು ನೋಡಿದ್ದಾರೆ. ಇದಕ್ಕೆ ಗಟ್ಟಿಯಾಗುವುದು ಎನ್ನುತ್ತಾರೆಯೇ? ಲಸಿಕೆಯಲ್ಲಿರುವುದು ಬಲಗುಂದಿಸಿದ ವೈರಸ್. ದೇಹಕ್ಕೆ ಅದು ಪಾಠ ಕಲಿಸುತ್ತದೆ, ಹಳೆಯ ಪಾಠವನ್ನು ಅಳಿಸುವುದಿಲ್ಲ.

ಒಮ್ಮೆ ಮಾಡಿಸಿದರೆ ಸಾಲದೇ? ಗರ್ಭದಲ್ಲಿರುವಾಗಲೇ ತಾಯಿಯ ಪ್ರತಿಕಾಯಗಳು ಮಗುವಿಗೆ ಇಳಿದಿರುತ್ತವೆ. ಅವು ಕೆಲವು ತಿಂಗಳು ಮಗುವನ್ನು ಕಾಯುತ್ತವೆ, ಆದರೆ ಲಸಿಕೆಯ ವೈರಸ್ಸನ್ನೂ ಹಿಡಿದು ಮುಗಿಸಿಬಿಡುತ್ತವೆ. ಒಂಬತ್ತು ತಿಂಗಳಿಗೆ ಬಹಳಷ್ಟು ಮಕ್ಕಳಲ್ಲಿ ಅವು ಕರಗಿರುತ್ತವೆ, ಎಲ್ಲರಲ್ಲಿ ಅಲ್ಲ. ಆದ್ದರಿಂದ ಆ ವಯಸ್ಸಿನ ಮೊದಲ ಸೂಜಿ ನೂರು ಮಕ್ಕಳಲ್ಲಿ ಸುಮಾರು 85 ಮಕ್ಕಳಿಗೆ ಹಿಡಿಯುತ್ತದೆ. ಉಳಿದ ಹದಿನೈದರಲ್ಲಿ ನಿಮ್ಮ ಮಗು ಇದೆಯೋ ಇಲ್ಲವೋ ಮುಖ ನೋಡಿ ಹೇಳಲಾಗದು. 16ರಿಂದ 24 ತಿಂಗಳೊಳಗಿನ ಎರಡನೇ ಸೂಜಿ ಅವರಿಗಾಗಿ. ದಡಾರವಾದರೋ ಗಾಳಿಯಲ್ಲಿ ಹರಡುವ ರೋಗ. ರೋಗಿ ಎದ್ದು ಹೋದ ಕೋಣೆಯಲ್ಲಿ ಎರಡು ಗಂಟೆಯವರೆಗೂ ವೈರಸ್ ಉಳಿಯಬಹುದು. ಮದುವೆ ಮನೆಯ ಹೆಂಗಸರ ಕೋಣೆಯನ್ನು ನೆನೆಸಿಕೊಳ್ಳಿ.

2017ರ ಫೆಬ್ರವರಿಯಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಈ ಲಸಿಕೆ ಹಾಕುವ ಅಭಿಯಾನ ಕರ್ನಾಟಕದಲ್ಲಿ ನಡೆಯಿತು. ಹಾವೇರಿ ಜಿಲ್ಲೆಯ ಶಾಲೆಗಳಲ್ಲೂ ಹಾಕಿದರು. ಮಕ್ಕಳಾಗದಂತೆ ಮಾಡುವ ಸೂಜಿ ಎಂಬ ಸಂದೇಶ ಆಗ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು, ನಮ್ಮ ಓಣಿಯಲ್ಲೂ ಆ ದಿನ ಮಕ್ಕಳನ್ನು ಶಾಲೆಗೆ ಕಳಿಸದವರಿದ್ದರು. ಸತ್ಯ ಇದಕ್ಕೆ ತದ್ವಿರುದ್ಧ. ಬಸುರಿಗೆ ರುಬೆಲ್ಲಾ ತಗುಲಿದರೆ ಹೊಟ್ಟೆಯಲ್ಲಿರುವ ಕೂಸಿನ ಕಣ್ಣು, ಕಿವಿ, ಹೃದಯ ಕೆಡಬಹುದು. ನಾಳೆ ತಾಯಿಯಾಗುವ ನಮ್ಮ ಹೆಣ್ಣುಮಕ್ಕಳನ್ನು ಕಾಯುವ ಲಸಿಕೆ ಇದು.

ಹರಾಮ್ ವಸ್ತು ಇದೆಯಂತೆ ಎಂದು ಕೇಳುವವರ ಪ್ರಶ್ನೆ ಮಾತ್ರ ಪ್ರಾಮಾಣಿಕವಾದದ್ದು, ಅದನ್ನು ಗದರಿಸಿ ಬಾಯಿ ಮುಚ್ಚಿಸಬಾರದು. ಇಂಡೋನೇಷ್ಯಾದ ಉಲಮಾ ಮಂಡಳಿ 2018ರ ಆಗಸ್ಟ್‌ನಲ್ಲಿ ಇದನ್ನೇ ಪರಿಶೀಲಿಸಿತು. ಭಾರತದಲ್ಲಿ ತಯಾರಾದ ದಡಾರ-ರುಬೆಲ್ಲಾ ಲಸಿಕೆಯ ತಯಾರಿಕೆಯಲ್ಲಿ ಹಂದಿ ಮೂಲದ ವಸ್ತು ಬಳಕೆಯಾಗಿದೆ, ಆದರೂ ಹಲಾಲ್ ಲಸಿಕೆ ಸಿಗುವವರೆಗೆ ಅನಿವಾರ್ಯದ ಕಾರಣ ಹಾಕಿಸಬಹುದು ಎಂದು ಫತ್ವಾ ನೀಡಿತು. ಇನ್ನು ತಕ್ದೀರ್ ಎನ್ನುವವರಿಗೆ ಖಲೀಫಾ ಉಮರ್(ರ) ಅವರ ಪ್ರಸಂಗ ಗೊತ್ತೇ ಇದೆ. ಸಿರಿಯಾದಲ್ಲಿ ಪ್ಲೇಗ್ ಎಂದು ತಿಳಿದು ಅವರು ದಾರಿಯಿಂದಲೇ ಹಿಂದಿರುಗಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಕೇಳಿದಾಗ, ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇನೆಂದರು. ಅಂದ ಹಾಗೆ, ಸಿಡುಬು ಬೇರೆ, ದಡಾರ ಬೇರೆ ಎಂದು ಸಾವಿರ ವರ್ಷಗಳ ಹಿಂದೆಯೇ ವಿವರವಾಗಿ ಬರೆದವರು ನಮ್ಮ ಅಬೂಬಕರ್ ಅಲ್-ರಾಝಿ.

ತಾಯಿ ಕಾರ್ಡ್ ತೆಗೆದು ಎರಡನೇ ಸೂಜಿಯ ಜಾಗದಲ್ಲಿ ತಾರೀಕು ಬಿದ್ದಿದೆಯೇ ನೋಡಿ. ವಯಸ್ಸು ದಾಟಿದೆಯೆಂದು ಕೈಬಿಡಬೇಡಿ, ಐದು ವರ್ಷದವರೆಗೂ ಹಾಕಿಸಬಹುದು. ಸೂಜಿ ಮಾಡಿಸಿ ಏಳೆಂಟು ದಿನ ಕಳೆದ ಮೇಲೆ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ, ಒಮ್ಮೊಮ್ಮೆ ಮೈಮೇಲೆ ಸಣ್ಣ ಗುಳ್ಳೆಗಳೂ ಏಳುತ್ತವೆ. ಸೂಜಿ ಕೆಟ್ಟಿತೆಂದು ಗಾಬರಿಯಾಗಬೇಡಿ. ಆ ಒಂದು ಕಾಯಿಯನ್ನು ಬಲ್ಲವಳು ಎದ್ದು ನಿಂತು ತನ್ನವರನ್ನು ಕರೆಯುತ್ತಿದ್ದಾಳೆ. ಎರಡು ಮೂರು ದಿನದಲ್ಲಿ ಇಳಿಯುತ್ತದೆ, ಇಳಿಯದಿದ್ದರೆ ವೈದ್ಯರಿಗೆ ತೋರಿಸಿ.